ಯೆತೆರ್ ಕೇಳಿದ ತಪ್ಪುಕಾಣಿಕೆ

ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿ ಬೇಸತ್ತ ಅಪ್ಪ ಕೊನೆಯವಳಿಗೆ ಯೆತೆರ್ ಎಂದು ಹೆಸರಿಟ್ಟ. ತುರ್ಕಮೆನ್ ಮಾತಿನಲ್ಲಿ ಹಾಗೆಂದರೆ 'ಸಾಕು'. ಆ ಹುಡುಗಿ ಬೆಳೆದು, ಉಣ್ಣೆಯನ್ನು ಬಿಸಿನೀರಲ್ಲಿ ತುಳಿದು ಗುಡಾರದ ಹೊದಿಕೆ ಮಾಡುವುದರಲ್ಲಿ ಎತ್ತಿದ ಕೈಯಾದಳು. ಕುರಿ ಕಾಯುವ ಸೆವುಂದಿಕ್‌ನನ್ನು ಮದುವೆಯಾದಳು.

ಒಂದು ವರ್ಷ ಚಳಿಗಾಲದ ಮುಂಚೆ ಅವರ ಅಲೆಮಾರಿ ಪಾಳೆಯವೆಲ್ಲ ಬೆಟ್ಟದ ಹುಲ್ಲುಗಾವಲಿಂದ ಇಳಿಯುವಾಗ ಸೆವುಂದಿಕ್ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ. ಹಿಮ ಬೀಳತೊಡಗಿತ್ತು. ನಾಯಕ ದುರ್ಮುಶ್ ಬೇಗ್ ಅವನನ್ನು ಅಲ್ಲೇ ಬಿಟ್ಟು ಪಾಳೆಯವನ್ನು ಮುಂದೆ ನಡೆಸಿದ. ಯೆತೆರ್ ಹೋಗಲಿಲ್ಲ. ಬಂಡೆಯ ಮರೆಯಲ್ಲಿ ಹೊದಿಕೆ ಕಟ್ಟಿ, ಜೊತೆಗಿದ್ದ ಮೇಕೆಯ ಹಾಲು ಕುಡಿಸಿ ಗಂಡನನ್ನು ಉಳಿಸಿಕೊಂಡಳು. ಆಕಾಶ ತಿಳಿಯಾದ ಮೇಲೆ ಅದೇ ಹೊದಿಕೆಯ ಮೇಲೆ ಅವನನ್ನು ಎಳೆದುಕೊಂಡು ಕೆಳಗಿಳಿದಳು. ಪಾಳೆಯದಲ್ಲಿ ಅವರ ಹೆಸರಿನಲ್ಲಿ ತಿಥಿಯ ಹಲ್ವಾ ಹಂಚುತ್ತಿದ್ದರು! ನಾಚಿ ಹಲ್ವಾದ ತಟ್ಟೆ ಮರೆಮಾಡಿದರು. ಸೆವುಂದಿಕ್ ಕುಂಟನಾಗಿ ಉಳಿದ.

ವಸಂತದಲ್ಲಿ ಅರ್ದಬಿಲ್‌ನ ಗುರುಪೀಠದಿಂದ, ದೀಪ ಹಚ್ಚಿ ಪ್ರಾರ್ಥನೆ ನಡೆಸಲು, ಧರ್ಮಗುರು ಬಾಬಾ ಬಂದರು. ಪಂಥದ ಗುರುತಾದ ಕೆಂಪು ಟೋಪಿ ತೊಟ್ಟ ಗಂಡಸರು, ಹೆಂಗಸರು ಎಲ್ಲರೂ ಒಂದೇ ಸುತ್ತಿನಲ್ಲಿ ಕೂತರು.

"ಯಾರಿಗಾದ್ರೂ ಯಾರ ಮೇಲಾದ್ರೂ ನೋವಿದ್ರೆ ಈಗ್ಲೇ ಹೇಳಿ," ಎಂದರು ಬಾಬಾ. "ಒಳಗಿಟ್ಕೊಂಡು ಕೂತ್ರೆ ನಾನು ದೀಪ ಹಚ್ಚಲ್ಲ."

ಯೆತೆರ್ ಎದ್ದಳು. ಸೆವುಂದಿಕ್ ಸೆರಗು ಜಗ್ಗಿದ. "ಕೂತ್ಕೊಳೇ! ನಾಯಕನ ಹಗೆ ಕಟ್ಕೊಂಡು ಎಲ್ಲಿಗೆ ಹೋಗೋಣ?"

"ಒಂಟಿಯಾಗಿರೋದು ನಮಗೇನು ಹೊಸದಾ?" ಎಂದವಳೇ ನಡೆದದ್ದನ್ನೆಲ್ಲ ಹೇಳಿದಳು.

ದುರ್ಮುಶ್ ಬೇಗ್ ಬರಿಗಾಲಲ್ಲಿ ನಡುವೆ ಬಂದು ತಲೆ ತಗ್ಗಿಸಿ ನಿಂತ. "ನಿಜ ಬಾಬಾ. ಅವನನ್ನ ಕೂರಿಸೋಕೆ ಒಂದು ಒಂಟೆ ಖಾಲಿ ಮಾಡಬಹುದಿತ್ತು. ನನ್ನ ಹೆಂಡ್ತಿಯ ರತ್ನಗಂಬಳಿ ಹೊತ್ತ ಒಂಟೆ."

"ಕಂಬಳೀನ ನನ್ನ ತಲೆಗೆ ಕಟ್ಟಬೇಡಿ!" ಅವನ ಹೆಂಡತಿ ಸೆನೆಮ್ ಕೂತಲ್ಲಿಂದಲೇ ಕೂಗಿದಳು. "ಇಳಿಸಿ ಅಂತ ಅವತ್ತೇ ಬಡ್ಕೊಂಡೆ."

ಜನ ನಗು ತಡೆಯಲಾರದೆ ಹೋದರು. ಬಾಬಾ ಯೆತೆರ್ ಕಡೆ ತಿರುಗಿದರು. "ತಪ್ಪುಕಾಣಿಕೆ ಏನು ಬೇಕು, ಕೇಳು ತಾಯಿ."

ಒಂಟೆ ಕೇಳುತ್ತಾಳೆ ಎಂದುಕೊಂಡರು ಎಲ್ಲರೂ.

"ಕುಂಟನ ಮನೆಗೆ ಯಾರೂ ಜೋಡಿ ಆಗ್ತಿಲ್ಲ ಬಾಬಾ. ಬೇಗಣ್ಣ, ಸೆನೆಮಕ್ಕ ನಮಗೆ ಜೋಡಿ ಆಗ್ಲಿ."

ಜೋಡಿಯಾಗುವುದೆಂದರೆ ಎರಡು ದಂಪತಿಗಳು ಬಾಬಾರ ಮುಂದೆ ಆಣೆಯಿಟ್ಟು, ಸಾಯುವ ತನಕ ರೊಟ್ಟಿ, ದುಃಖ, ತಪ್ಪು ಎಲ್ಲ ಹಂಚಿಕೊಳ್ಳುವುದು. ತನ್ನ ಸಮಕ್ಕೆ ಇನ್ನೊಬ್ಬ ನಾಯಕ ಸಿಗಲೆಂದು ಕಾದು ಕೂತಿದ್ದವನು ಬೇಗ್.

"ಒಂಟೆ ಕೇಳಿದ್ರೆ ಇವತ್ತಿಗೇ ಮುಗೀತಿತ್ತಲ್ಲವ್ವಾ," ಎಂದ ಅವನು.

"ಅದಕ್ಕೇ ಕೇಳ್ಲಿಲ್ಲ."

ಸೆನೆಮ್ ಮೊದಲು ಎದ್ದಳು. ಬಂದು ಯೆತೆರ್ ಪಕ್ಕದಲ್ಲಿ ಧಪ್ಪನೆ ಕೂತಳು. ಬೇಗ್ ಸೆವುಂದಿಕ್‌ಗೆ ಕೈಕೊಟ್ಟು ಎಬ್ಬಿಸಿದ. ನಾಲ್ವರೂ ಆಣೆಯಿಟ್ಟ ಮೇಲೆ ಬಾಬಾ ದೀಪ ಹಚ್ಚಿದರು. ತಂಬೂರಿಯ ನಾದಕ್ಕೆ ಎಲ್ಲರೂ ಸುತ್ತು ತಿರುಗುವಾಗ ಕುಂಟನೂ ಬೇಗನ ಹೆಗಲು ಹಿಡಿದು ತಿರುಗಿದ.

ಮೊದಮೊದಲು ಬೇಗ್ ಅವರ ಗುಡಾರಕ್ಕೆ ಬಂದರೆ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದ. ಮುಂದೊಮ್ಮೆ ಅವನು ಅರ್ದಬಿಲ್ ಗುರುವಿನ ಕರೆಗೆ ಕುದುರೆ ಸವಾರರೊಂದಿಗೆ ಯುದ್ಧಕ್ಕೆ ಹೋದಾಗ, ಚಳಿಗಾಲವಿಡೀ ಅವನ ಹಿಂಡನ್ನು ನೋಡಿಕೊಂಡವನು ಸೆವುಂದಿಕ್. ಬೇಗನ ಮಕ್ಕಳು ಉಂಡದ್ದು ಯೆತೆರ್ ಕೈಯಲ್ಲೇ.

ಹಿಮ ಕರಗುವಾಗ ಬೇಗ್ ಮರಳಿದ. ತನ್ನ ಗುಡಾರ ದಾಟಿ ನೇರ ಯೆತೆರ್ ಮನೆಯೊಳಕ್ಕೆ ನುಗ್ಗಿ, "ಹಸಿವಾಗ್ತಿದೆ ತಂಗೀ, ರೊಟ್ಟಿ ಹಾಕು," ಎಂದ. ಸೆನೆಮ್ ಗೊಣಗುತ್ತ ಮೊಸರಿನ ಗಡಿಗೆ ಹೊತ್ತು ಅಲ್ಲಿಗೇ ಬಂದಳು.