ಪಕ್ಕದ ಸೀಟಿನ ಸಿಂಹಾಸನ

ನಾಲ್ಕು ರಸ್ತೆ ಕೂಡುವ ಸರ್ಕಲ್ಲಿನ ನಟ್ಟನಡುವೆ, ಹಸಿರು ದೀಪವೇ ಸಾಕ್ಷಿಯಾಗಿ, ಡ್ರೈವಿಂಗ್ ಸ್ಕೂಲಿನ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಸ್ಟೀರಿಂಗ್ ಹಿಡಿದಿದ್ದದ್ದು ಶಿಷ್ಯರಲ್ಲ, ಸ್ವತಃ ಮೇಷ್ಟ್ರು. ಬಸ್ಸಿನವನಿಗೆ ಕೈ ಬೀಸಿ ಬೈಯುವ ಭರದಲ್ಲಿ ಕ್ಲಚ್ಚಿನಿಂದ ಕಾಲೆತ್ತಿದ್ದರು. ತಲೆಯ ಮೇಲೆ, ಅಂದರೆ ಕಾರಿನ ತಲೆಯ ಮೇಲೆ, 'ಇಪ್ಪತ್ತೆರಡು ವರ್ಷಗಳ ಅನುಭವ' ಎಂಬ ಹಳದಿ ಬೋರ್ಡು.

"ಕಲೀರಿ ಸಾರ್, ನಿಧಾನವಾಗಿ ಕಲೀರಿ!" ಎಂದು ಸ್ಕೂಟರಿನವನೊಬ್ಬ ಹರಸಿ ಹೋದ. ಬಸ್ಸಿನ ಕಿಟಕಿಗಳೆಲ್ಲ ಹಲ್ಲು ಬಿಟ್ಟವು.

ಸುದ್ದಿ ಕಾರಿಗಿಂತ ಮೊದಲೇ ಆಫೀಸು ತಲುಪಿತ್ತು. ಸ್ಕೂಲಿನ ಮಾಲೀಕ ಮೇಷ್ಟ್ರ ಹೆಂಡತಿಯ ತಮ್ಮ.

"ಭಾವ, ಗಾಡಿ ನಿಂತಿದ್ದಕ್ಕೆ ನಾನೇನೂ ಅನ್ನಲ್ಲ. ನಿಮ್ಮ ಬಾಯಿ ನಿಲ್ಲಲ್ವಲ್ಲ, ಅದಕ್ಕೆ ಹೇಳ್ತಿರೋದು. ಈ ತಿಂಗಳಲ್ಲಿ ಐದು ಜನ ಕಲಿಯೋದು ಬಿಟ್ಟು ಓಡಿಹೋದ್ರು. ನಾಳೆ ನಾನೇ ಹಿಂದೆ ಕೂರ್ತೀನಿ. ಒಂದೇ ಒಂದು ಸಲ ಕೂಗಿದ್ರೂ ನಾಡಿದ್ದಿಂದ ನೀವು ಆಫೀಸಲ್ಲಿ ಅರ್ಜಿ ತುಂಬ್ತೀರಿ."

ಅರ್ಜಿ ತುಂಬುವುದು! ಫ್ಯಾನಿನ ಕೆಳಗೆ ಕೂತು ಕಂಡವರ ಫೋಟೋಗೆ ಗೋಂದು ಬಳಿಯುವುದು! ಮೇಷ್ಟ್ರಿಗೆ ಆ ಪಕ್ಕದ ಸೀಟೇ ಸಿಂಹಾಸನ. ಅಲ್ಲಿ ಅವರ ಕಾಲಡಿ ಒಂದು ಹೆಚ್ಚುವರಿ ಬ್ರೇಕು, ಕೂಗಿ ನಿಲ್ಲಿಸಲು ನಾಲಿಗೆಯ ಮೇಲೆ ಇನ್ನೊಂದು. ಶಿಷ್ಯರು ಬೆನ್ನ ಹಿಂದೆ 'ಡಬಲ್ ಬ್ರೇಕ್' ಎನ್ನುತ್ತಿದ್ದರು.

ವಿದ್ಯೆಯೇನೋ ಅಪ್ಪಟ ಚಿನ್ನ. "ಇಂಡಿಕೇಟರ್ ನಂಬಬೇಡ, ಮುಂದಿನ ಚಕ್ರ ನೋಡು. ಸುಳ್ಳು ಹೇಳಕ್ಕೆ ಅದಕ್ಕೆ ಬರಲ್ಲ." "ಎದುರಿನವನ ಕಣ್ಣಿಗೆ ಕಣ್ಣು ಕೊಟ್ಟೆಯೋ, ದಾರೀನೂ ಕೊಟ್ಟೆ." "ತಿರುಗೋವಾಗ ಬಸ್ಸಿನ ಮಗ್ಗುಲು ಹಿಡಿ, ಅದು ಓಡಾಡೋ ಗೋಡೆ." "ಹೊಸ ಕಾರಿಗೆ ಹೆದರಬೇಡ, ಗೀರು ಬಿದ್ದೀತು ಅಂತ ಅವನೇ ಹೆದರ್ತಿರ್ತಾನೆ. ಮೈಯೆಲ್ಲ ನೆಗ್ಗಿರೋ ಡಬ್ಬಾ ಕಂಡ್ರೆ ಮಾತ್ರ ಕೈ ಮುಗಿ." ತಾಳಿದವನು ಬಾಳಿಯಾನು, ಒಪ್ಪಿದೆ, ಸರ್ಕಲ್ ದಾಟಿಯಾನೇ ಎಂಬುದು ಅವರ ಪ್ರಶ್ನೆ. ತೊಂದರೆಯೆಂದರೆ, ಇಷ್ಟನ್ನೂ ಅವರು ಶಿಷ್ಯರ ಕಿವಿತಮಟೆ ಹರಿಯುವಂತೆ ಹೇಳುತ್ತಿದ್ದರು. ರಸ್ತೆಯಲ್ಲಿ ಒಂದು ತಪ್ಪು ಕಣ್ಣಿಗೆ ಬಿದ್ದರೆ ಸಾಕು, ಬಾಯಿ ತಾನಾಗಿ ತೆರೆಯುತ್ತಿತ್ತು.

ಮರುದಿನದ ಶಿಷ್ಯೆ ಟೈಲರಮ್ಮ. ಹಿಂದಿನ ವಾರವಷ್ಟೇ ಮೇಷ್ಟ್ರು ಆಕೆಗೆ, "ಸೂಜಿ ತೂತಲ್ಲಿ ದಾರ ತೂರಿಸ್ತೀಯಲ್ಲಮ್ಮಾ, ಇಷ್ಟಗಲ ರಸ್ತೇಲಿ ಕಾರು ತೂರಿಸಕ್ಕಾಗಲ್ವಾ?" ಎಂದು ಅಳಿಸಿದ್ದರು. ಇವತ್ತು ಕಪ್ಪು ಕನ್ನಡಕ ಏರಿಸಿ, ತುಟಿಗೆ ಹೊಲಿಗೆ ಹಾಕಿದವರಂತೆ ಕೂತರು. ಹಿಂದೆ ಭಾಮೈದ, ಮಂಡಿ ಮಡಿಸಿಕೊಂಡು.

ಮೊದಲ ತಿರುವಿನಲ್ಲೇ ಸ್ಕೂಟರೊಂದು ಅಡ್ಡ ನುಗ್ಗಿತು. ಮೇಷ್ಟ್ರು ಗಪ್‌ಚುಪ್. ಸರ್ಕಲ್ಲಿನಲ್ಲಿ ಕೆಂಪು ದೀಪವಿದ್ದಾಗಲೇ ಹಿಂದಿನವನು ಹಾರ್ನ್ ಒತ್ತಿಹಿಡಿದ. ಮೇಷ್ಟ್ರು ಕಲ್ಲು. ದೀಪ ಹಸಿರಾಗಿ ಕಾರು ಹೊರಟ ಕ್ಷಣಕ್ಕೇ ಲಾರಿಯೊಂದು ಅದರ ಮೂಗು ಸವರಿಕೊಂಡು ಹೋಯಿತು. ಭಾಮೈದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಹೊಲಿಗೆ ಯಂತ್ರ ತುಳಿದು ಪಳಗಿದ ಟೈಲರಮ್ಮನ ಕಾಲು ಮೆತ್ತಗೆ ಬ್ರೇಕ್ ಒತ್ತಿತು. ಆಮೇಲೆ ಆಕೆ ಕಿಟಕಿಯಿಂದ ತಲೆ ಹೊರಹಾಕಿ, ಥೇಟ್ ಮೇಷ್ಟ್ರ ಧಾಟಿಯಲ್ಲೇ, "ಏನಯ್ಯಾ, ಕಣ್ಣು ಮನೇಲಿ ಬಿಟ್ಟು ಬಂದ್ಯಾ?" ಎಂದು ಗದರಿದಳು. ಮೇಷ್ಟ್ರು ಆಗಲೂ ಅಲುಗಲಿಲ್ಲ.

ಆಫೀಸಿನ ಮುಂದೆ ಇಳಿದ ಭಾಮೈದ ಬೆವರು ಒರೆಸಿಕೊಂಡ.

"ಸೋತೆ ಭಾವ. ಸೀಟು ನಿಮ್ಮದೇ. ಆದ್ರೆ ಒಂದು ಹೇಳಿ, ಆ ಲಾರಿ ಹಾಗೆ ನುಗ್ಗಿದಾಗ್ಲೂ ತುಟಿಪಿಟಕ್ ಅನ್ನಲಿಲ್ವಲ್ಲ, ಅಷ್ಟು ತಾಳ್ಮೆ ಎಲ್ಲಿಂದ ಬಂತು?"

ಮೇಷ್ಟ್ರು ಕನ್ನಡಕ ತೆಗೆದು, ಬಿಸಿಲಿಗೆ ಪಿಳಿಪಿಳಿ ಕಣ್ಣು ಬಿಟ್ಟರು.

"ಯಾವ ಲಾರಿ? ಆಫೀಸ್ ಗೇಟ್ ದಾಟಿದಾಗಿಂದ ಕಣ್ಣು ಮುಚ್ಕೊಂಡಿದ್ದೆ ಕಣೋ."