ಅಕ್ಕ ನಕ್ಕ ದಿನ

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಎಲ್ಲರೂ ಹೇಳುತ್ತಿದ್ದರು. ಹೇಳಲಿ ಬಿಡಿ. ಅವಳು ಕೂರುತ್ತಿದ್ದ ಜಾಗದಲ್ಲಿ ಒಂದು ದಿನ ಕೂತು ನೋಡಿದ್ದರೆ ಗೊತ್ತಾಗುತ್ತಿತ್ತು.

ಅದೊಂದು ಉಕ್ಕಿನ ಕೋಣೆ. ಎರಡು ಕಡೆ ಬೆಂಚು, ನಡುವೆ ಇಕ್ಕಟ್ಟಾದ ದಾರಿ, ದಪ್ಪ ಗಾಜಿನ ದುಂಡನೆಯ ಒಂದು ಕಿಟಕಿ. ಬಾಗಿಲು ಬಿಗಿದರೆ ಹೊರಗಿನ ಪಂಪು ಒಳಗಿನ ಗಾಳಿಯನ್ನು ಹೀರುತ್ತಾ ಹೋಗುತ್ತದೆ. ಕೋಣೆ ನೆಲ ಬಿಟ್ಟು ಕದಲುವುದಿಲ್ಲ, ಆದರೆ ಒಳಗಿನ ಗಾಳಿ ಮಾತ್ರ ವಿಮಾನ ಹಾರುವ ಎತ್ತರದಲ್ಲಿರುವಷ್ಟು ತೆಳ್ಳಗಾಗುತ್ತದೆ. ವಿಮಾನ ಓಡಿಸಲು ಕಲಿಯುವವರು ಹಾರುವ ಮೊದಲು ಇಲ್ಲಿಗೆ ಬರಬೇಕು. ಅವರ ಜೊತೆ ಒಳಗೆ ಕೂತು ಕಾಯುವವಳು ಈ ಅಕ್ಕ. ಮೊದಲು ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಮಗಳು ಚಿಕ್ಕವಳಿದ್ದಾಗ ರಾತ್ರಿ ಪಾಳಿ ಬೇಡವೆಂದು ಇಲ್ಲಿಗೆ ಬಂದವಳು ಇಲ್ಲೇ ಉಳಿದಳು.

ಅವಳ ಪಾಠ ಶುರುವಾಗುತ್ತಿದ್ದುದು ರಬ್ಬರ್ ಕೈಗವಸಿನಿಂದ. ಚೂರು ಗಾಳಿ ತುಂಬಿ ಗಂಟು ಹಾಕಿ ಅದನ್ನು ಸೂರಿಗೆ ನೇತುಹಾಕುತ್ತಿದ್ದಳು. ಎತ್ತರ ಏರಿದಂತೆ ಅದರ ಐದು ಬೆರಳೂ ಉಬ್ಬಿ ನಿಲ್ಲುತ್ತಿದ್ದವು.

"ನೋಡಿದ್ರಾ? ಹೊರಗಿನ ಒತ್ತಡ ಇಳಿದ್ರೆ ಒಳಗಿನ ಗಾಳಿ ಉಬ್ಬುತ್ತೆ. ನಿಮ್ಮ ಹೊಟ್ಟೇಲೂ ಅಷ್ಟೆ. ಬಂದಿದ್ದನ್ನ ಬಿಟ್ಬಿಡಿ. ಮರ್ಯಾದೆ ಅಂತ ಹಿಡ್ಕೊಂಡ್ರೆ ಒದ್ದಾಡೋರು ನೀವೇ. ಮಾಸ್ಕ್ ಮತ್ಯಾಕೆ ಕೊಟ್ಟಿರೋದು?"

ಆಮೇಲೆ ಸರದಿಯಂತೆ ಆಮ್ಲಜನಕದ ಮಾಸ್ಕ್ ತೆಗೆಸಿ, ಹಲಗೆಯ ಮೇಲೆ ಸಣ್ಣ ಲೆಕ್ಕ ಮಾಡಿಸುತ್ತಿದ್ದಳು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಒಬ್ಬನಿಗೆ ಬೆರಳು ಜುಮ್ಮೆನ್ನುತ್ತದೆ, ಇನ್ನೊಬ್ಬ ಹಾಡತೊಡಗುತ್ತಾನೆ. ಕೆಟ್ಟದ್ದೆಂದರೆ, ತನಗೇನೂ ಆಗಿಲ್ಲ ಎಂದೇ ಎಲ್ಲರಿಗೂ ಅನಿಸುತ್ತದೆ. ಅದಕ್ಕೇ ಪ್ರತಿಯೊಬ್ಬರೂ ಆಗ ತಮ್ಮಲ್ಲಿ ಮೊದಲು ಕಾಣುವ ಗುರುತನ್ನು ತಿಳಿದುಕೊಂಡಿರಬೇಕು. ಅಕ್ಕನ ಗುರುತು ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲೇ ಗೊತ್ತಾಗಿತ್ತು: ಅವಳ ಕೋಪ ಮಾಯವಾಗುತ್ತಿತ್ತು. "ಹಾಗಾದ್ರೆ ಆ ಕೋಣೇನ ಮನೇಗೆ ಹೊತ್ಕೊಂಡು ಬಾ" ಎಂದು ಗಂಡ ನಕ್ಕಿದ್ದ. ಹೊರಗೆ ಕಿಟಕಿಯ ಬಳಿ ಪಂಪು ನಡೆಸುವ ಯಂತ್ರದವನು ಮಾತ್ರ ನಕ್ಕಿರಲಿಲ್ಲ. ಅವನು ಅದನ್ನು ನೆನಪಿಟ್ಟುಕೊಂಡಿದ್ದ.

ಹೊಸ ಸಾಹೇಬರು ಬಂದರು. ಅಕ್ಕ ಬೈಯುತ್ತಾಳೆಂದು ಕಲಿಯುವವರಲ್ಲಿ ಯಾರೋ ದೂರಿದ್ದರು. ಸಾಹೇಬರು ಅವಳನ್ನು ಕಚೇರಿಗೆ ಕರೆಸಿದರು.

"ಇನ್ನೊಂದು ದೂರು ಬಂದ್ರೆ ನಿಮ್ಮನ್ನ ಮಾತ್ರೆ ಕೊಡೋ ಕಿಟಕೀಗೆ ಹಾಕ್ತೀನಿ. ನಗ್ತಾ ಕೆಲಸ ಮಾಡೋದು ಕಲೀರಿ. ನಾಳೆ ನಾನೇ ಒಳಗೆ ಕೂತು ನೋಡ್ತೀನಿ."

ಅವಳ ಮೈಯೆಲ್ಲ ಉರಿದುಹೋಯಿತು. ಬೈದದ್ದು ಯಾರಿಗೆ? ಮಾಸ್ಕಿನ ಪಟ್ಟಿ ಬಿಗಿಯದೆ ಹರಟುತ್ತಿದ್ದವನಿಗೆ! ನೆಗಡಿ ಮುಚ್ಚಿಟ್ಟು ಬಂದು, ಇಳಿಯುವಾಗ ಕಿವಿ ಹಿಡಿದುಕೊಂಡು ಚೀರಿದವನಿಗೆ! ಆದರೆ ಈ ಕೆಲಸ ಕೈತಪ್ಪಿದರೆ ಅವಳಿಗೆ ಉಸಿರೇ ಕಟ್ಟಿದಂತೆ. ಬಾಯಿಗೆ ಬೀಗ ಹಾಕಿಕೊಂಡು ಹೊರಬಂದಳು.

ಮರುದಿನ ಸಾಹೇಬರು ಬೆಂಚಿನ ಮೇಲೆ ಕೂತು ದಾರಿಗೆ ಕಾಲು ಚಾಚಿದರು. ಅವರ ಬೂಟು ಗೋಡೆಯಿಂದ ಅವಳ ಮಾಸ್ಕಿಗೆ ಆಮ್ಲಜನಕ ತರುವ ಕೊಳವೆಯ ಮೇಲಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದೇ ಗದರಿಕೆಗೆ ಕಾಲು ಮಡಚಿಸುತ್ತಿದ್ದಳು. "ಸಾರ್, ಕಾಲು..." ಎಂದಳು ಮೆತ್ತಗೆ. ಅವರು ಕೇಳಿಸಿಕೊಳ್ಳಲಿಲ್ಲ. ಅವಳು ಹಲ್ಲು ಕಚ್ಚಿ ತನ್ನ ಮಾಸ್ಕ್ ಬಿಗಿದುಕೊಂಡಳು.

ಪಂಪು ಗಾಳಿ ಹೀರಿತು, ಕೋಣೆ ಎತ್ತರಕ್ಕೇರಿತು. ಸಾಹೇಬರು ಮಾಸ್ಕ್ ತೆಗೆದು ಹಲಗೆ ಹಿಡಿದರು. ತುದಿಯಲ್ಲಿ ಕೂತಿದ್ದವನ ಪಟ್ಟಿ ಸಡಿಲವಾಗಿದೆಯೆಂದು ಅಕ್ಕ ಎದ್ದು ಆ ಕಡೆ ಹೋದಳು. ಬೂಟಿನಡಿ ಸಿಕ್ಕಿದ್ದ ಕೊಳವೆ ಗೋಡೆಯಿಂದ ಕಿತ್ತುಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಎದೆಯ ಉರಿ ಇಳಿಯಿತು. ಪರವಾಗಿಲ್ಲವೇ, ಮನಸ್ಸು ಮಾಡಿದರೆ ಕೋಪ ನುಂಗುವುದು ಇಷ್ಟು ಸುಲಭವೇ ಎಂದುಕೊಂಡಳು. ತನ್ನ ಬಗ್ಗೆ ಹೆಮ್ಮೆಯೂ ಆಯಿತು. ಸೂರಿನಲ್ಲಿ ಉಬ್ಬಿದ್ದ ಕೈಗವಸು ಮುದ್ದಾಗಿ ಕಂಡಿತು. ಸಾಹೇಬರಿಗೆ ಮಾಸ್ಕ್ ಹಾಕಿಸುವ ಹೊತ್ತಾಗಿತ್ತು. ಅದರ ಬದಲು ಅವಳು ಅವರ ಬೆನ್ನು ತಟ್ಟಿದಳು. "ಪಾಪ, ಒಳ್ಳೇ ಮನುಷ್ಯ" ಎಂದಳು.

ಮಾಸ್ಕಿನೊಳಗಿನ ಮೈಕಿನಿಂದ ಆ ಮಾತು ಹೊರಗೆ ಕೇಳಿಸಿತು. ಯಂತ್ರದವನು ತಟ್ಟನೆ ಕಿಟಕಿಗೆ ಮುಖವಿಟ್ಟು ನೋಡಿದ. ಅಕ್ಕನ ಕಣ್ಣು ನಗುತ್ತಿದ್ದವು. ಅವನಿಗೆ ಅವಳ ಗುರುತು ನೆನಪಾಯಿತು.

"ಅಕ್ಕನ ಕೊಳವೆ ನೋಡ್ರೋ! ಸಾಹೇಬ್ರಿಗೆ ಮಾಸ್ಕ್ ಹಾಕಿ! ಬೇಗ!" ಎಂದು ಮೈಕಿನಲ್ಲಿ ಕೂಗುತ್ತಲೇ ಒಳಗೆ ಗಾಳಿ ಬಿಡುವ ಚಕ್ರ ತಿರುಗಿಸಿದ. ಒಳಗೆ ಯಾರೋ ಕೊಳವೆಯನ್ನು ಮತ್ತೆ ಗೋಡೆಗೆ ಸಿಕ್ಕಿಸಿದರು, ಇನ್ನೊಬ್ಬರು ಸಾಹೇಬರಿಗೆ ಮಾಸ್ಕ್ ಹಾಕಿದರು. ಅಕ್ಕ ಎರಡು ಉಸಿರು ಎಳೆದಳೋ ಇಲ್ಲವೋ, ಅಂಗಾಲಿನಿಂದ ನೆತ್ತಿಯವರೆಗೆ ಕೋಪ ಏರಿಬಂತು.

ಬಾಗಿಲು ತೆರೆಯಿತು. ಸಾಹೇಬರು ಕೂತಲ್ಲಿಂದಲೇ, "ಯಾಕೆ ಇಳಿಸಿದ್ರಿ? ಎಲ್ಲಾ ಲೆಕ್ಕ ಸರಿಯಾಗೇ ಮಾಡ್ತಿದ್ದೆನಲ್ಲ!" ಎಂದರು.

ಅಕ್ಕ ಹಲಗೆಯನ್ನು ಅವರ ಮುಖಕ್ಕೆ ಹಿಡಿದಳು. ಮೊದಲ ಲೆಕ್ಕದ ನಂತರ ಇದ್ದುದು ಬರೀ ಗೀಚು. ಅದು ಹಲಗೆ ದಾಟಿ ಅವರ ಪ್ಯಾಂಟಿನ ಮೇಲೂ ಹರಿದಿತ್ತು.

"ಅಕ್ಕ ನಕ್ಕಿದ್ದು ನೋಡಿ ನಂಗೆ ಕೈಕಾಲೇ ತಣ್ಣಗಾಯ್ತು ಸಾರ್" ಎಂದ ಬಾಗಿಲಲ್ಲಿ ನಿಂತ ಯಂತ್ರದವನು.

"ನಗ್ತಾ ಕೆಲಸ ಮಾಡಿ ಅಂದ್ರಲ್ಲ, ಮಾಡ್ದೆ" ಎಂದಳು ಅಕ್ಕ. "ಇನ್ನೊಂದು ಸ್ವಲ್ಪ ಹೊತ್ತು ನಕ್ಕಿದ್ರೆ ಇಬ್ರೂ ಇಲ್ಲೇ ಮಲಗ್ಬಿಡ್ತಿದ್ವಿ. ದೂರು ಬೇಕಿದ್ರೆ ನೀವೇ ಬರ್ಕೊಳ್ಳಿ. ನನ್ನನ್ನ ಎಲ್ಲಿಗಾದ್ರೂ ಹಾಕಿ. ಮೊದ್ಲು ಆ ಕಾಲು ಮಡಚಿ!"

ಸಾಹೇಬರು ಕೆಳಗೆ ನೋಡಿದರು. ಬೂಟು ಇನ್ನೂ ಕೊಳವೆಯ ಮೇಲೇ ಇತ್ತು. ಅವರು ಕಾಲು ಮಡಚಿಕೊಂಡರು.