ಕಾಕಾನ ಲೈಸೆನ್ಸ್ ಇಲ್ಲದ ರೇಡಿಯೊ

ಇವತ್ತು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಅಫಜಲಪುರದ ನಮ್ಮ ಪಡಸಾಲೆ ಕಣ್ಣ ಮುಂದೆ ಬಂತು. ಆಗ ನಿಜಾಮರ ಆಡಳಿತ. ನಮ್ಮ ಕಾಕಾ ಅಲ್ಲಿ ಕೂತು ತಂತಿ ಬೆಸೆದು ಸುದ್ದಿ ಕಳಿಸುವ ರೇಡಿಯೊ ಕಟ್ಟಿದ್ದ. ಭೀಮಾ ನದಿ ಏರಿದರೆ ಜೇವರ್ಗಿಯ ಗೆಳೆಯನಿಗೆ ಟಿಕ್ ಟಿಕ್ ಸಂಕೇತದಲ್ಲಿ ತಿಳಿಸುತ್ತಿದ್ದ. ಆ ಗೆಳೆಯ ಹೊಳೆದಂಡೆಯವರನ್ನು ಎಚ್ಚರಿಸುತ್ತಿದ್ದ. ಆದರೆ ಕಾಕಾನ ಬಳಿ ಲೈಸೆನ್ಸ್ ಇರಲಿಲ್ಲ, ಸಿಕ್ಕಿಬಿದ್ದರೆ ಜೇಲು.

ಒಂದು ಮಧ್ಯಾಹ್ನ ಠಾಣೆಯ ಅಧಿಕಾರಿ, ಪೊಲೀಸ್ ಅಮೀನರು ಬಂದರು. ಅಜ್ಜಿ ರೇಡಿಯೊವನ್ನು ಜೋಳದ ಚೀಲದ ಹಿಂದೆ ಸರಿಸಿದಳು. ಕಾಕಾ ತಾನೇ ಅದನ್ನು ತಂದು ಅವರ ಮುಂದಿಟ್ಟ.

"ನಾನೇ ಮಾಡೇನ್ರಿ. ಹೊಳಿ ಬಂದದ್ದಷ್ಟ ಹೇಳೇನ್ರಿ."

ಅಮೀನರು ರೇಡಿಯೊವನ್ನು ತಿರುಗಿಸಿ ನೋಡಿದರು. "ಕಾಯ್ದೆ ನನ್ನ ಕೈಯಾಗಿಲ್ಲ, ಇದನ್ನ ಒಯ್ಯಬೇಕಾಗ್ತದ. ಲೈಸೆನ್ಸಿನ ಅರ್ಜಿ ಮಾತ್ರ ನಾ ಬರದು ಕೊಡ್ತೇನಿ" ಎಂದವರೇ ಅಲ್ಲೇ ಕೂತು ಉರ್ದುವಿನಲ್ಲಿ ಬರೆದರು.

ಉತ್ತರಕ್ಕೆ ಕಾಯುತ್ತ ಕಾಕಾ ತಾಟಿನ ಮೇಲೆ ಚಮಚ ಬಡಿದು ನನಗೆ ಸಂಕೇತ ಕಲಿಸಿದ.

"ಇದಕ್ಕೂ ಜೇಲೇನು ಕಾಕಾ?"

"ತಾಟು ಬಡಿಯಾಕ ಲೈಸೆನ್ಸ್ ಬೇಕಾಗೂದಿಲ್ಲ ಬೇ" ಎಂದು ನಕ್ಕ.

ಸರ್ಕಾರ ಬದಲಾದ ಮೇಲೆ ಲೈಸೆನ್ಸ್ ಬಂತು, ಒಯ್ದಿದ್ದ ರೇಡಿಯೊ ಕೂಡ ಮರಳಿತು. ಮೊದಲ ಸುದ್ದಿ ಕಳಿಸಲು ಕಾಕಾ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡ: "ಹೊಳಿ ಇಳದದ."

ಎಂಬತ್ತು ದಾಟಿದ ಈ ಬೆರಳುಗಳು ಆ ಸಂಕೇತವನ್ನು ಇನ್ನೂ ಮರೆತಿಲ್ಲ.